ಗರಡಿಯ ದಂಡ, ಯೋಗಶಾಲೆಯ ವಿನ್ಯಾಸ

ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರ ಸುಮಾರಿಗೆ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗ ಕಲಿಸತೊಡಗಿದಾಗ, ಆ ಊರಿನ ಅಂಗಸಾಧನೆಯ ಹಳೆಯ ನೆಲೆ ಗರಡಿಮನೆಯಾಗಿತ್ತು. ಮಟ್ಟಿಯೆಂದು ಕರೆಯುವ ಹದಗೊಳಿಸಿದ ಕೆಮ್ಮಣ್ಣಿನಲ್ಲಿ ಕುಸ್ತಿ ಕಲಿಯುತ್ತಿದ್ದ ಪೈಲ್ವಾನರ ನಿತ್ಯದ ಸಾಮಿನಲ್ಲಿ ದಂಡ ಮುಖ್ಯವಾದುದು. ಅಂಗೈ ಮತ್ತು ಕಾಲ್ಬೆರಳುಗಳನ್ನು ನೆಲಕ್ಕೂರಿ, ಎದೆಯನ್ನು ನೆಲದ ಸಮೀಪಕ್ಕೆ ಇಳಿಸಿ, ಮುಂದಕ್ಕೆ ಜಾರಿಸಿ ಮೇಲೆತ್ತುವ ಕಸರತ್ತು ಅದು. ಯೋಗಶಾಲೆಯ ಚತುರಂಗ ದಂಡಾಸನ ಮತ್ತು ಅದರ ಬೆನ್ನಿಗೇ ಬರುವ ಊರ್ಧ್ವಮುಖ ಶ್ವಾನಾಸನಗಳನ್ನು ಜೊತೆಗಿಟ್ಟು ನೋಡಿದರೆ ಇದೇ ಚಲನೆ ಕಣ್ಣಿಗೆ ಕಟ್ಟುತ್ತದೆ.

ಈ ಸಾಮ್ಯವನ್ನು ವಿಸ್ತಾರವಾಗಿ ಚರ್ಚಿಸಿದವರು ಎನ್. ಇ. ಸ್ಯೋಮನ್. ಮೈಸೂರು ಅರಮನೆಯ ಯೋಗಪರಂಪರೆಯನ್ನು ಕುರಿತ ತಮ್ಮ 1996ರ ಗ್ರಂಥದಲ್ಲಿ ಅವರು, 1896ರ ‘ವ್ಯಾಯಾಮ ದೀಪಿಕೆ’ ಎಂಬ ಕೈಪಿಡಿಯ ಕಸರತ್ತುಗಳಿಗೂ ಕೃಷ್ಣಮಾಚಾರ್ಯರ ಬೋಧನೆಗೂ ನಂಟಿರುವುದನ್ನು ತೋರಿಸಿದರಲ್ಲದೆ, ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ 122 ಆಸನಗಳನ್ನೂ ಬೆಳಕಿಗೆ ತಂದರು. ಹತ್ತೊಂಬತ್ತನೆಯ ಶತಮಾನದ ಈ ಕೃತಿಯಲ್ಲಿ ದಂಡವನ್ನು ಹೋಲುವ ಭಂಗಿಗಳೂ ಹಗ್ಗ ಹಿಡಿದು ಮಾಡುವ ಆಸನಗಳೂ ಇರುವುದರಿಂದ, ಗರಡಿ ಮತ್ತು ಯೋಗಗಳ ಬೆರಕೆ ಕೃಷ್ಣಮಾಚಾರ್ಯರಿಗಿಂತ ಹಿಂದಿನದೆಂದೇ ಹೇಳಬೇಕಾಗುತ್ತದೆ. ಕೃಷ್ಣಮಾಚಾರ್ಯರಾದರೋ ತಮ್ಮ ವಿದ್ಯೆಗೆ ಗುರು ರಾಮಮೋಹನ ಬ್ರಹ್ಮಚಾರಿಗಳನ್ನೇ ಮೂಲವೆನ್ನುತ್ತಿದ್ದರು. ಗುರುಪರಂಪರೆಯನ್ನು ನಂಬುವ ಶಿಷ್ಯವರ್ಗಕ್ಕೆ ಸ್ಯೋಮನ್ನರ ವಾದ ರುಚಿಸದಿದ್ದುದು ಸಹಜ.

ಮೂಲ ಯಾವುದೇ ಇರಲಿ, ಬದಲಾದದ್ದು ಕಸರತ್ತಿನ ಉದ್ದೇಶ. ಎದುರಾಳಿಯ ಭಾರವನ್ನು ತಡೆಯುವ ಹೆಗಲನ್ನು ಬೆಳೆಸಬೇಕಾದ ಪೈಲ್ವಾನನಿಗೆ ದಂಡದ ಎಣಿಕೆ ಮುಖ್ಯವಾಗಿದ್ದು, ಅವನು ಅದನ್ನು ನೂರುಗಟ್ಟಲೆ ಹೊಡೆಯುತ್ತಿದ್ದ. ಯೋಗಶಾಲೆಯಲ್ಲಿ ಅದೇ ಚಲನೆ ತುಂಡು ತುಂಡಾಗಿ, ಇಳಿಯುವಾಗ ಉಸಿರು ಬಿಟ್ಟು ಏಳುವಾಗ ಎಳೆದುಕೊಳ್ಳುವ ನಿಯಮಕ್ಕೆ ಒಳಪಟ್ಟು, ವಿನ್ಯಾಸದ, ಅಂದರೆ ಉಸಿರಿನೊಡನೆ ಹೆಣೆದ ಹೆಜ್ಜೆಗಳ ಸರಣಿಯ, ಒಂದು ಭಾಗವಾಯಿತು. ಎರವಲು ತಂದ ಕಸರತ್ತನ್ನು ಹಾಗೆಯೇ ಒಪ್ಪಿಸದೆ ಹೊಸ ಲೆಕ್ಕಕ್ಕೆ ಒಗ್ಗಿಸಿದ ಈ ಕೆಲಸವೇ ಸಾಮ್ಯದ ಚರ್ಚೆಗಿಂತ ಹೆಚ್ಚಿನ ಗಮನಕ್ಕೆ ಅರ್ಹವಾಗಿದೆ.

ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ ತುಳಿದ ದಾರಿ ಇದಕ್ಕೆ ವಿರುದ್ಧವಾದುದು. ಮುಂದೆ ‘ಶಾಂತಲಾ’ ಕಾದಂಬರಿಯಿಂದ ಕನ್ನಡಿಗರಿಗೆ ಹೆಸರಾದ ಇವರು, ಯೂಜೆನ್ ಸ್ಯಾಂಡೋ ಪ್ರಸಿದ್ಧಿಗೆ ತಂದ ಪಾಶ್ಚಾತ್ಯ ದೇಹದಾರ್ಢ್ಯ ಸಾಧನೆಗೆ ಹಠಯೋಗವನ್ನೂ ಸೂರ್ಯನಮಸ್ಕಾರವನ್ನೂ ಸೇರಿಸಿಕೊಂಡರು.

‘ಶ್ರೀತತ್ತ್ವನಿಧಿ’ಯಲ್ಲಿ ಕಂಡ ಹಗ್ಗದ ಪ್ರಯಾಣವೂ ಮೈಸೂರಿನಲ್ಲೇ ನಿಲ್ಲಲಿಲ್ಲ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ, 1934ರಲ್ಲಿ ಕೃಷ್ಣಮಾಚಾರ್ಯರ ಬಳಿ ಸೇರಿ, 1937ರಲ್ಲಿ ಪುಣೆಗೆ ಹೋದ ಬಿ. ಕೆ. ಎಸ್. ಅಯ್ಯಂಗಾರ್ಯರು ತಮ್ಮ ಶಾಲೆಯ ಗೋಡೆಗೆ ಹಗ್ಗಗಳನ್ನು ತೂಗುಬಿಟ್ಟು, ಬೆನ್ನು ಬಾಗದವರಿಗೆ ಅವುಗಳ ಆಸರೆಯಲ್ಲಿ ಆಸನ ಕಲಿಸಿದರು.