ಅಂಗಳದಲ್ಲಿ ಹೊಲಿದ ದೋಣಿ

ಮೊನ್ನೆ ಅಟ್ಟ ಗುಡಿಸುಕೆ ಹತ್ತಿದಾಗ ತಾಮ್ರದ ತಂತಿಯ ಒಂದು ಸುರುಳಿ ಸಿಕ್ಕಿತು. ತಮ್ಮನ ಮಗಳು "ಅತ್ತೆ, ಇದೆಂತಕ್ಕೆ?" ಅಂತ ಕೇಳಿದಳು. "ದೋಣಿ ಹೊಲಿದು ಉಳ್ದದ್ದ್" ಅಂದೆ. ಅವಳು ನೆಗಾಡಿದಳು. ಬಟ್ಟೆ ಹೊಲಿಯುದು ಗೊತ್ತು, ದೋಣಿ ಹೊಲಿಯುದು ಎಲ್ಲಿಂದ ಬಂತು ಅಂತ ಅವಳಿಗೆ.

ಕುದ್ರುವಿನ ನಮ್ಮ ಹಳೇ ಮನಿ ಅಂಗಳದಲ್ಲಿ ಎರಡು ದೋಣಿ ಕಟ್ಟಿದ್ದರು. ಒಂದು ಒಡೆಯಿತು, ಇನ್ನೊಂದು ಸೇತುವೆ ಆಗುವವರೆಗೂ ಓಡಿತು. ಊರವರು ಇವತ್ತಿಗೂ 'ಅಣ್ಣಯ್ಯನ ದೋಣಿ' ಅಂತಲೇ ಹೇಳುದು. ಕಟ್ಟಿದವ ಅಣ್ಣಯ್ಯನೇ, ಸುಳ್ಳಲ್ಲ. ಆದರೆ ಆ ಎರಡನೇ ದೋಣಿ ಮುಳುಗದೆ ಉಳಿದದ್ದು ಯಾರಿಂದ ಅಂತ ಒಂದು ಕಡೆ ಬರೆದಿಡುವ ಅಂತ ಕೂತಿದ್ದೇನೆ.

ಮೊದಲನೇದು ಕಟ್ಟಿದ್ದು 1994ರ ಬೇಸಿಗೆಯಲ್ಲಿ. ಮರದ ದೋಣಿಗೆ ಮರವೂ ದುಬಾರಿ, ಆಚಾರ್ರೂ ಸಿಗುದಿಲ್ಲ ಅಂತ ಅಣ್ಣಯ್ಯ ಪೇಟೆಯಿಂದ ಪ್ಲೈವುಡ್ ತಂದ. ಎಂಟಡಿ ಉದ್ದ, ನಾಲ್ಕಡಿ ಅಗಲದ ಹಲಗೆ. ಒಳಗೆ ಚೌಕಟ್ಟು ಮಾಡಿ, ಮೊಳೆ ಹೊಡೆದು, ಬಣ್ಣ ಬಳಿದು, ಹಿಂದೆ ಒಂದು ಹಳೇ ಔಟ್‌ಬೋರ್ಡ್ ಮಿಷನ್ ಕಟ್ಟಿದ. ನೋಡುಕೆ ಚಂದವೇ ಇತ್ತು. ಎರಡನೇ ಮಳೆಗಾಲ ಮುಗಿವಾಗ ನಾನು, ಅತ್ತಿಗೆ, ಇಬ್ಬರು ಮಕ್ಕಳು ಪೇಟೆಗೆ ಹೊರಟಿದ್ದೆವು. ಹೊಳಿಯ ನಡು ಮುಟ್ಟುವಾಗ ಕಾಲಿನ ಅಡಿ ಮೆತ್ತಗಾಯಿತು. ಹಲಗೆ ಪದರ ಪದರವಾಗಿ ಬಿಟ್ಟುಕೊಂಡು ನೀರು ಮೇಲೆ ಬಂತು. ಮಕ್ಕಳ ಬುತ್ತಿ ಡಬ್ಬಿಯಲ್ಲಿ ನೀರು ಮೊಗೆಯುತ್ತಾ ಹೇಗೋ ಕಾಂಡ್ಲಾ ಗಿಡದ ಕೆಸರಿಗೆ ಬಂದು ಬಿದ್ದೆವು. ಯಾರಿಗೂ ಎಂತದೂ ಆಗಲಿಲ್ಲ. ಆದರೆ ಅಮ್ಮ ಹದಿನೈದು ದಿನ ಅಣ್ಣಯ್ಯನ ಹತ್ತಿರ ಮಾತಾಡಲಿಲ್ಲ.

ತಪ್ಪು ಎಲ್ಲಿ ಆಯಿತು ಅಂಬುದಕ್ಕೆ ಪತ್ರೊಡೆ ನೆನಪು ಮಾಡಿಕೊಳ್ಳಿ. ಕೆಸುವಿನ ಎಲೆ, ಅದರ ಮೇಲೆ ಹಿಟ್ಟು, ಮತ್ತೆ ಎಲೆ, ಮತ್ತೆ ಹಿಟ್ಟು. ಪ್ಲೈವುಡ್ಡೂ ಹಾಂಗೆಯೇ. ಮರವನ್ನು ತೆಳ್ಳಗೆ ಸಿಪ್ಪೆಯ ಹಾಂಗೆ ಸೀಳಿ, ಒಂದರ ನಾರು ಉದ್ದಕ್ಕೆ, ಮೇಲಿನದರ ನಾರು ಅಡ್ಡಕ್ಕೆ ಇಟ್ಟು, ಅಂಟು ಹಾಕಿ ಒತ್ತುದು. ಪದರ ಮೂರು, ಐದು, ಏಳು ಹೀಂಗೆ ಬೆಸ ಸಂಖ್ಯೆಯಲ್ಲಿ ಇರ್ತದೆ. ನಾರು ಅಡ್ಡಡ್ಡ ಇಪ್ಪುದರಿಂದ ಹಲಗೆ ಸೀಳುದಿಲ್ಲ, ಸೊಟ್ಟ ಆಗುದು ಕಡಿಮೆ. ಆದರೆ ಹಿಟ್ಟು ಸರಿ ಇಲ್ಲದಿದ್ದರೆ ಪತ್ರೊಡೆ ಬಿಚ್ಚಿದ ಹಾಂಗೆ ಇದೂ ಬಿಚ್ಚುದೇ. ನಮ್ಮ ಹಲಗೆ ಕಪಾಟು ಮಾಡುವ ಜಾತಿಯದು. ನೀರಿಗೆ ಅದರ ಅಂಟು ತಡೆಯಲಿಲ್ಲ.

ಈ ಅಂಟಿನದ್ದೇ ಒಂದು ದೊಡ್ಡ ಕತೆ. ಹಿಂದೆ ಪ್ಲೈವುಡ್ಡಿಗೆ ಹಾಕುತ್ತಿದ್ದದ್ದು ಸೋಯಾ ಹಿಟ್ಟಿನದ್ದು, ಹಾಲಿನ ಕೇಸೀನಿನದ್ದು, ಪ್ರಾಣಿಯ ರಕ್ತದ್ದು. ಅಡುಗೆಮನಿಗೆ ಹತ್ತಿರದ ವಸ್ತುಗಳೇ, ನೀರು ಕಂಡರೆ ಸೋಲುವಂಥವು. 1934ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಅಬರ್ಡೀನಿನಲ್ಲಿ ಜೇಮ್ಸ್ ನೆವಿನ್ ಅಂಬ ರಸಾಯನ ತಜ್ಞ ಪೂರಾ ನೀರು ತಡೆಯುವ ಅಂಟು ಮಾಡಿದ. ಅಲ್ಲಿಂದ ಪ್ಲೈವುಡ್ ನೀರಿಗೆ ಇಳಿಯಿತು. ಎರಡನೇ ಮಹಾಯುದ್ಧದಲ್ಲಿ ಸಿಪಾಯಿಗಳನ್ನು ದಡಕ್ಕೆ ಇಳಿಸುಕೆ ನ್ಯೂ ಆರ್ಲಿಯನ್ಸಿನ ಆಂಡ್ರ್ಯೂ ಹಿಗಿನ್ಸ್ ರೂಪಿಸಿದ 36 ಅಡಿಯ ದೋಣಿಗಳಲ್ಲಿ ಹೆಚ್ಚಿನ ಭಾಗ ಪ್ಲೈವುಡ್ಡೇ. 20,000ಕ್ಕಿಂತ ಹೆಚ್ಚು ಮಾಡಿದರು. ಯುದ್ಧ ಮುಗಿದ ಮೇಲೆ ಅದೇ ಹಲಗೆ, ಅದೇ ಅಂಟು ಸಾಮಾನ್ಯರ ಮನಿಗೆ ಬಂತು. 1950ರಲ್ಲಿ ಕ್ರಿಸ್-ಕ್ರಾಫ್ಟ್ ಕಂಪೆನಿ ಕತ್ತರಿಸಿಟ್ಟ ಹಲಗೆಗಳನ್ನು ಕಟ್ಟು ಕಟ್ಟಿ, ಮನಿಯಲ್ಲೇ ಮೋಟಾರ್ ದೋಣಿ ಕಟ್ಟಿಕೊಳ್ಳಿ ಅಂತ ಮಾರುಕೆ ಶುರು ಮಾಡಿತು.

ಇನ್ನು ದೋಣಿಯ ಹಿಂದೆ ಸಿಕ್ಕಿಸುವ ಮಿಷನ್. ಅದರ ಕತೆಯಲ್ಲಿ ಒಬ್ಬಳು ಹೆಂಗಸು ಇದ್ದಾಳೆ, ಅವಳ ಹೆಸರು ಬೆಸ್. ಅವಳ ಗಂಡ ಓಲೆ ಎವಿನ್‌ರೂಡ್, ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ಕೆಲಸ ಮಾಡಿದವ. ಅವರು ಒಂದು ಸೆಕೆಗಾಲದಲ್ಲಿ ಕೆರೆಯ ಆಚೆ ದಡಕ್ಕೆ ಪಿಕ್‌ನಿಕ್ಕಿಗೆ ಹೋದಾಗ ಬೆಸ್‌ಗೆ ಐಸ್‌ಕ್ರೀಮ್ ತಿಂಬ ಆಸೆ ಆಯಿತಂತೆ. ಓಲೆ ಹುಟ್ಟು ಹಾಕಿಕೊಂಡು ಹೋಗಿ ತಪ್ಪಾಗ ಐಸ್‌ಕ್ರೀಮ್ ಎಲ್ಲಾ ನೀರು. ಅಲ್ಲಿಂದ ದೋಣಿಗೆ ಮಿಷನ್ ಮಾಡುವ ಯೋಚನೆ ಬಂತು ಅಂತ ಹೇಳ್ತಾರೆ. ಅವನು ಮಾಡಿದ ಮೊದಲ ಮಿಷನ್ ನೋಡಿ ಬೆಸ್ ಇದು ಕಾಫಿಬೀಜ ಪುಡಿ ಮಾಡುವ ಮಿಷನ್ ಹಾಂಗಿದೆ ಅಂದಳಂತೆ. 1909ರಿಂದ ಮಾರುಕೆ ಸುರು ಮಾಡಿದರು. ಲೆಕ್ಕ ಬರೆಯುದು, ಗಿರಾಕಿಗಳಿಗೆ ಕಾಗದ ಬರೆಯುದು ಬೆಸ್ ಕೆಲಸ. ಹುಟ್ಟು ಬಿಸಾಡಿ, ಮಿಷನ್ ತಕೊಳ್ಳಿ ಅಂಬ ಅರ್ಥದ ಜಾಹೀರಾತು ಬರೆದದ್ದೂ ಅವಳೇ. ಮಿಷನ್ ಮೇಲೆ ಇಪ್ಪುದು ಗಂಡನ ಅಡ್ಡಹೆಸರು ಅಂದೇಳಿ ಅವಳ ನೆನಪು ಯಾರಿಗೂ ಆಗುದಿಲ್ಲ.

ಈಗ ಹೊಲಿಗೆಗೆ ಬಪ್ಪ. ನಮ್ಮ ಪಡುಕರಾವಳಿಯ ಹಳೇ ದೋಣಿಗಳಲ್ಲಿ ಹಲಗೆಗೆ ತೂತು ತೆಗೆದು ತೆಂಗಿನ ನಾರಿನ ಹುರಿಯಿಂದ ಹೊಲಿದದ್ದು ಬೇಕಷ್ಟಿದ್ದವು. ಹೊರದೇಶದಿಂದ ಬಂದವರು ಮೊಳೆ ಇಲ್ಲದ ಆ ಹಡಗು ನೋಡಿ ಆಶ್ಚರ್ಯದಿಂದ ಬರೆದಿಟ್ಟಿದ್ದಾರೆ. ಸಿಪ್ಪೆ ಕೊಳೆಹಾಕಿ, ಬಡಿದು, ನಾರು ತೆಗೆದು ಹುರಿ ಹೊಸೆಯುದರಲ್ಲಿ ಕರಾವಳಿಯ ಹೆಂಗಸರ ಕೈ ಎಷ್ಟು ಸವೆದಿದೆ ಅಂತ ನಮಗೆ ಯಾರೂ ಹೇಳುದು ಬೇಡ. ಅದೇ ಹೊಲಿಗೆ ಇಂಗ್ಲೆಂಡಿನಲ್ಲಿ ತಾಮ್ರದ ತಂತಿಯಾಗಿ ಬಂತು. 1963ರಲ್ಲಿ ಡೈಲಿ ಮಿರರ್ ಪತ್ರಿಕೆಯವರು 'ಮಿರರ್' ಅಂಬ ಸಣ್ಣ ಪ್ಲೈವುಡ್ ದೋಣಿಯ ಕಟ್ಟನ್ನು 63 ಪೌಂಡ್ 11 ಶಿಲ್ಲಿಂಗಿಗೆ ಮಾರಿದರು. ಜ್ಯಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ಅದನ್ನು ರೂಪಿಸಿದವರು. ಹಲಗೆಯ ಅಂಚಿಗೆ ತೂತು, ತೂತಿಗೆ ತಂತಿ, ತಿರುಪಿ ಬಿಗಿ ಮಾಡಿ ಸಂದಿಗೆ ಅಂಟು, ಅದರ ಮೇಲೆ ಗಾಜಿನ ನಾರಿನ ಪಟ್ಟಿ. ಕಡ್ಡಿ ಚುಚ್ಚಿ ದೊನ್ನೆ ಮಾಡಿದ ಹಾಂಗೆ. ಹಾಯಿ, ಹುಟ್ಟು, ಸಣ್ಣ ಮಿಷನ್ ಮೂರಕ್ಕೂ ಆಗ್ತಿತ್ತು. ಸಾವಿರಾರು ಮಂದಿ ಮನಿಯಲ್ಲೇ ಕಟ್ಟಿಕೊಂಡರು.

1980ರ ದಶಕದಲ್ಲಿ ಈ ವಿದ್ಯೆ ನಮ್ಮ ದಕ್ಷಿಣಕ್ಕೆ ಬಂತು. ಕಟ್ಟುಮರಕ್ಕೆ ದಿಮ್ಮಿ ಸಿಗುದು ಕಷ್ಟವಾದಾಗ ಕನ್ಯಾಕುಮಾರಿ ಜಿಲ್ಲೆಯ ಮುಟ್ಟಂನಲ್ಲಿ ಮೀನುಗಾರರಿಗೆ ಪ್ಲೈವುಡ್ ದೋಣಿ ಕಟ್ಟುಕೆ ಸುರುವಾಯಿತು. ಆ ಕಡೆ ಬೋಟಿನ ಕೆಲಸಕ್ಕೆ ಹೋಗಿ ಬಂದ ಅಣ್ಣಯ್ಯನ ಒಬ್ಬ ಸ್ನೇಹಿತ ನೋಡಿದ್ದನ್ನು ವಿವರಿಸಿದ. ಅಣ್ಣಯ್ಯ ಮತ್ತೆ ಎದ್ದ.

ಈ ಸರ್ತಿ ಅಮ್ಮ ಬಾಗಿಲಲ್ಲೇ ನಿಂತಳು. "ಮಕ್ಕಳನ್ನ ಕೂರ್ಸುದಾರೆ ಹಲಗೆ ಗಟ್ಟಿ ಅಂದೇಳಿ ಮೊದ್ಲು ತೋರ್ಸ್" ಅಂದಳು. ಅಣ್ಣಯ್ಯ ಹೇಳಿದ, "ಅಮ್ಮ, ನೀರಿಗೆ ಆಪ್ಪ ಹಲಗೆಗೆ ಐ.ಎಸ್. 710 ಅಂಬ ಮುದ್ರೆ ಇರತ್. ಅದರ ತುಂಡನ್ನ 72 ಗಂಟೆ ಬೇಯ್ಸಿ ಪರೀಕ್ಷೆ ಮಾಡ್ತ್ರ್." ಅಮ್ಮ ಅಷ್ಟೇ ಹಿಡಿದುಕೊಂಡಳು. "ಹಾಂಗಾರೆ ಬೇಯ್ಸುವ."

ಎರಡು ಅಂಗಡಿಯಿಂದ ಎರಡು ತುಂಡು ತರಿಸಿದಳು. ಎರಡಕ್ಕೂ ಮುದ್ರೆ ಇತ್ತು. ಭತ್ತ ಬೇಯಿಸುವ ಹಳೇ ಕೊಪ್ಪರಿಗೆಯಲ್ಲಿ ಹಾಕಿ, ಮಡಲು, ಸಿಪ್ಪೆ ಒಟ್ಟಿ, ಮೂರು ಹಗಲು ಮೂರು ರಾತ್ರಿ ಒಲೆ ಆರದ ಹಾಂಗೆ ಕಾದೆವು. ಹಗಲು ಅಮ್ಮ, ರಾತ್ರಿ ನಾನು, ಅತ್ತಿಗೆ ಸರದಿ. ನೆರೆಮನಿಯವರು "ಎಂತ, ಹಲಗೆ ಸಾಂಬಾರಾ?" ಅಂತ ಕೇಳಿ ಹೋದರು. ಅಗ್ಗದ ತುಂಡು ಮೊದಲ ಸಂಜೆಯೇ ಅರಳಿತು. ಇನ್ನೊಂದು ಮೂರನೇ ದಿನವೂ ಹಾಂಗೇ ಇತ್ತು. ಚಾಕುವಿನ ತುದಿಯಲ್ಲಿ ಕೆದಕಿ ನೋಡಿದರೂ ಪದರ ಬಿಡಲಿಲ್ಲ. ಅಣ್ಣಯ್ಯ ಮುಂಗಡ ಕೊಟ್ಟು ಬಂದದ್ದು ಅಗ್ಗದ್ದಕ್ಕೆ. ಮುಂಗಡ ಹೋಯಿತು. ಹೋಗಲಿ ಅಂದಳು ಅಮ್ಮ.

ಮತ್ತೆ ಹೊಲಿಗೆ. ಒಂದು ಗೇಣಿಗೆ ಒಂದು ತೂತು. ಅಣ್ಣಯ್ಯ ಹೊರಗಿನಿಂದ ತಂತಿ ತೂರಿಸಿದರೆ ಒಳಗೆ ಕೂತು ತಿರುಪಿದ್ದು ನಾನು ಮತ್ತು ಅತ್ತಿಗೆ. ಎಪಾಕ್ಸಿ ಅಂಟಿಗೆ ಗರಗಸದ ನಯವಾದ ಹುಡಿ ಬೆರೆಸಿ ಸಂದಿಗೆ ತುಂಬುದು. ಇಡ್ಲಿಹಿಟ್ಟಿಗಿಂತ ಗಟ್ಟಿ, ವಡೆಯ ಹಿಟ್ಟಿನ ಹದ. ಆ ಹದ ಅಣ್ಣಯ್ಯನಿಗೆ ಸಿಗಲೇ ಇಲ್ಲ, ಅತ್ತಿಗೆಯೇ ಕಲಸಿದಳು. ಮಿಷನ್ ಕೂರುವ ಹಿಂಬದಿ ಹಲಗೆಗೆ ಎರಡು ಪದರ ಕೊಟ್ಟೆವು, ಅಲ್ಲಿ ಅದುರುದು ಜಾಸ್ತಿ.

ನೀರಿಗೆ ಇಳಿಸಿದ ದಿನ ಮೊದಲು ಕೂತವಳು ಅಮ್ಮ. ಆಚೆ ದಡ ಮುಟ್ಟಿ, ತಿರುಗಿ ಬಂದು, ಅಡಿಯನ್ನೆಲ್ಲ ಕೈಯಲ್ಲಿ ಒತ್ತಿ ನೋಡಿದ ಮೇಲೆ "ಇನ್ನ್ ಮಕ್ಕಳ್ ಬರ್ಲಿ" ಅಂದಳು.

ಇಷ್ಟು ಹೇಳಿ ಮುಗಿಸುವಾಗ ತಮ್ಮನ ಮಗಳು ಆ ತಂತಿಯನ್ನು ಕೈಗೆ ಬಳೆಯ ಹಾಂಗೆ ಸುತ್ತಿಕೊಂಡಿದ್ದಳು. ಅವಳಿಗೇ ಕೊಟ್ಟೆ. ನೀವೂ ಬಚ್ಚಲಿಗೋ ಅಡುಗೆಮನಿಗೋ ಪ್ಲೈವುಡ್ ತಪ್ಪದಿದ್ದರೆ ಮುದ್ರೆ ಮಾತ್ರ ನೋಡಿ ಬರಬೇಡಿ, ಒಂದು ತುಂಡು ಕೇಳಿ ತಂದು ಬೇಯಿಸಿ ನೋಡಿ.