ಭೂಹಕ್ಕು ಹೋರಾಟಗಾರರ ಮೇಲಿನ ಹಿಂಸೆ (ಬೆಳ್ತಂಗಡಿ ತಾಲೂಕು)

ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲೂಕು ಪಶ್ಚಿಮಘಟ್ಟದ ಬುಡದಲ್ಲಿದೆ. ಅಳದಂಗಡಿ, ನಾರಾವಿ, ಕುತ್ಲೂರು, ನೆರಿಯ ಮೊದಲಾದ ಇಲ್ಲಿನ ಊರುಗಳಲ್ಲಿ ಅಡಿಕೆ ತೋಟ, ಗದ್ದೆ, ಸರ್ಕಾರಿ ಜಾಗ ಮತ್ತು ಕಾಡು ಒಂದಕ್ಕೊಂದು ತಾಗಿಕೊಂಡಿವೆ. ಯಾವುದು ಯಾರದೆಂಬ ತಕರಾರಿನಲ್ಲಿ ಬಡವರ ಪರವಾಗಿ ಅರ್ಜಿ ಹಾಕಿದವರು, ಸಂಘ ಕಟ್ಟಿದವರು ಹಲ್ಲೆಗೂ ಮೊಕದ್ದಮೆಗೂ ಗುರಿಯಾದದ್ದುಂಟು.

ಹಿನ್ನೆಲೆ

ಅಳದಂಗಡಿ ಅಜಿಲ ಅರಸರ ನೆಲೆ. ಅರಮನೆ, ಬೀಡು, ದೇವಸ್ಥಾನ ಮತ್ತು ದೊಡ್ಡ ಮನೆತನಗಳ ಭೂಮಿಯನ್ನು ಒಕ್ಕಲುಗಳು ಮೂಲಗೇಣಿ, ಚಾಲಗೇಣಿಗೆ ಸಾಗುವಳಿ ಮಾಡುತ್ತಿದ್ದರು. ಮೂಲಗೇಣಿ ಶಾಶ್ವತ ಹಕ್ಕಾಗಿತ್ತು. ಚಾಲಗೇಣಿಯವರನ್ನು ಧಣಿ ಎಬ್ಬಿಸಬಹುದಿತ್ತು. ಧಣಿಗಳ ವಿರುದ್ಧ ರೈತರು ಎದ್ದದ್ದೂ ಉಂಟು. ಆಗ ಇದೇ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕಿನ ಕಯ್ಯೂರಿನಲ್ಲಿ 1941ರ ರೈತ ಹೋರಾಟದ ವೇಳೆ ಪೊಲೀಸನೊಬ್ಬ ಸತ್ತನು. ಆ ಪ್ರಕರಣದಲ್ಲಿ ನಾಲ್ವರು ರೈತ ಕಾರ್ಯಕರ್ತರನ್ನು 1943ರ ಮಾರ್ಚ್ 29ರಂದು ಗಲ್ಲಿಗೇರಿಸಲಾಯಿತು. ನಿರಂಜನರ ‘ಚಿರಸ್ಮರಣೆ’ ಕಾದಂಬರಿಯ ವಸ್ತು ಇದೇ.

ದೇವರಾಜ ಅರಸು ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿ ಜಮೀನು ಸರ್ಕಾರದ ವಶವಾಯಿತು. ಫಾರ್ಮ್ 7ರಲ್ಲಿ ಅರ್ಜಿ ಕೊಟ್ಟ ಒಕ್ಕಲುಗಳಿಗೆ ಭೂನ್ಯಾಯಮಂಡಳಿಗಳು ಹಕ್ಕು ಕೊಟ್ಟವು. ಈ ಕಾಯ್ದೆ ಅತಿ ಹೆಚ್ಚು ಫಲ ಕೊಟ್ಟ ಪ್ರದೇಶಗಳಲ್ಲಿ ದಕ್ಷಿಣ ಕನ್ನಡವೂ ಒಂದು. ಆದರೆ ಗೇಣಿ ಚೀಟಿಯಿಲ್ಲದ ಕೂಲಿಗಳು, ದಲಿತರು, ಕಾಡಂಚಿನ ಮಲೆಕುಡಿಯ ಆದಿವಾಸಿಗಳು ಇದರ ಹೊರಗೇ ಉಳಿದರು.

ತಕರಾರಿನ ಮೂಲಗಳು

ವರ್ಗ ಜಾಗಕ್ಕೆ (ಖಾಸಗಿ ಪಟ್ಟಾ ಜಮೀನಿಗೆ) ತಾಗಿದ ಸರ್ಕಾರಿ ಭೂಮಿಯಲ್ಲಿ ಸೊಪ್ಪು, ಸೌದೆ ತರುವ ವಿಶೇಷ ಸವಲತ್ತಿಗೆ ಇಲ್ಲಿ ಕುಮ್ಕಿ ಎನ್ನುತ್ತಾರೆ. ಒಡೆತನ ಸರ್ಕಾರದ್ದಾದರೂ ಅನುಭೋಗ ವರ್ಗದಾರನದು. ಅಂಥ ಜಾಗದಲ್ಲಿ ಭೂರಹಿತರು ಮನೆ ಕಟ್ಟಿ ಭೂಕಂದಾಯ ಕಾಯ್ದೆಯ 94ಸಿ ಕಲಮಿನಡಿ ಹಕ್ಕುಪತ್ರಕ್ಕೋ, ಸಾಗುವಳಿ ಮಾಡಿ ಅದನ್ನು ಸಕ್ರಮಗೊಳಿಸುವ ಅಕ್ರಮ-ಸಕ್ರಮಕ್ಕೋ ಅರ್ಜಿ ಕೊಟ್ಟರೆ ಜಗಳ ಹುಟ್ಟುತ್ತದೆ. ಪರಿಶಿಷ್ಟರಿಗೆ ಮೀಸಲಾದ ಡಿಸಿ ಮನ್ನಾ ಭೂಮಿಯ ಒತ್ತುವರಿ ಇನ್ನೊಂದು ಕಾರಣ. ಮೂರನೆಯದು ಕಾಡು: 1987ರಲ್ಲಿ ಘೋಷಿತವಾಗಿ 2001ರಲ್ಲಿ ಅಂತಿಮ ಅಧಿಸೂಚನೆ ಪಡೆದ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ತಲೆಮಾರುಗಳಿಂದ ಬಾಳಿದ ಕುಟುಂಬಗಳಿಗೆ ಒಕ್ಕಲೆಬ್ಬಿಸುವ ಭೀತಿ ಎದುರಾಯಿತು.

ಪ್ರಮುಖ ಪ್ರಕರಣಗಳು

ಹೀಗೆ ಒಕ್ಕಲೆಬ್ಬಿಸುವ ಭೀತಿಯಲ್ಲಿದ್ದ, ಉದ್ಯಾನದೊಳಗಿನ ಕುತ್ಲೂರಿನ ವಿಠಲ ಮಲೆಕುಡಿಯ ಮಂಗಳೂರು ವಿಶ್ವವಿದ್ಯಾನಿಲಯದ ಪತ್ರಿಕೋದ್ಯಮ ವಿದ್ಯಾರ್ಥಿಯಾಗಿದ್ದಾಗ, 2012ರ ಮಾರ್ಚ್‌ನಲ್ಲಿ ತಂದೆಯೊಡನೆ ಬಂಧಿತರಾದರು. ನಕ್ಸಲ್ ನಂಟು, ರಾಜದ್ರೋಹ ಅವರ ಮೇಲಿನ ಆರೋಪ. ಕೈಕೋಳದಲ್ಲೇ ಪರೀಕ್ಷೆಗೆ ಕರೆತಂದದ್ದು ದೊಡ್ಡ ಸುದ್ದಿಯಾಯಿತು. 2021ರ ಅಕ್ಟೋಬರ್ 21ರಂದು ಮಂಗಳೂರಿನ ನ್ಯಾಯಾಲಯ ತಂದೆ ಮಗ ಇಬ್ಬರನ್ನೂ ಖುಲಾಸೆಗೊಳಿಸಿತು. ನಿರಪರಾಧಿಗಳ ಒಂಬತ್ತು ವರ್ಷಗಳನ್ನು ಮೊಕದ್ದಮೆ ತಿಂದುಹಾಕಿತ್ತು.

ನೆರಿಯದಲ್ಲಿ 2015ರ ಜುಲೈನಲ್ಲಿ ಜಾಗದ ತಕರಾರಿನ ನಡುವೆ ಆದಿವಾಸಿ ಮುಖಂಡ ಸುಂದರ ಮಲೆಕುಡಿಯರ ಕೈಬೆರಳುಗಳು ಕಳೆ ಕತ್ತರಿಸುವ ಯಂತ್ರಕ್ಕೆ ತುಂಡಾದವು. ನೆರೆಯ ಜಮೀನುದಾರನ ಮೇಲೆ ದೂರು ದಾಖಲಾಯಿತು. ಬೆಳ್ತಂಗಡಿ, ಮಂಗಳೂರುಗಳಲ್ಲಿ ಎಡಪಕ್ಷಗಳೂ ದಲಿತ, ಆದಿವಾಸಿ ಸಂಘಟನೆಗಳೂ ಪ್ರತಿಭಟಿಸಿದವು. ದುಡಿದೇ ಉಣ್ಣಬೇಕಾದವನ ಬೆರಳು ಕತ್ತರಿಸುವುದೆಂದರೆ ಅವನ ಅನ್ನವನ್ನೇ ಕಸಿದುಕೊಂಡಂತೆ.

ಕಾನೂನಿನ ರಕ್ಷಣೆ

ಪರಿಶಿಷ್ಟರ ಭೂಮಿಯನ್ನು ಅನ್ಯಾಯವಾಗಿ ಆಕ್ರಮಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. 2016ರ ಜನವರಿ 26ರಂದು ಜಾರಿಯಾದ ತಿದ್ದುಪಡಿ, ಅರಣ್ಯ ಹಕ್ಕು ಅನುಭೋಗಕ್ಕೆ ಅಡ್ಡಿಪಡಿಸುವುದನ್ನೂ ಸ್ಪಷ್ಟವಾಗಿ ಸೇರಿಸಿತು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಅರ್ಜಿಯ ಪರಿಶೀಲನೆ ಮುಗಿಯುವ ತನಕ ಕಾಡಿನ ನಿವಾಸಿಯನ್ನು ಎಬ್ಬಿಸುವಂತಿಲ್ಲ. ಹಕ್ಕುಗಳಿಗಾಗಿ ದುಡಿಯುವವರಿಗೆ ರಕ್ಷಣೆ ಕೊಡುವುದು ಸರ್ಕಾರಗಳ ಹೊಣೆಯೆಂದು ವಿಶ್ವಸಂಸ್ಥೆಯ 1998ರ ಘೋಷಣೆಯೂ ಸಾರಿದೆ.

ಕಾನೂನಿಗೆ ಕೊರತೆಯಿಲ್ಲ, ಅಳತೆಗೆ, ತೀರ್ಮಾನಕ್ಕೆ ಆಗುವ ವಿಳಂಬವೇ ಕುತ್ತು. ಅರ್ಜಿ ಕಚೇರಿಯಲ್ಲಿ ಬಾಕಿ ಬಿದ್ದಷ್ಟು ಕಾಲ ಜಾಗದಲ್ಲಿ ಬಲವುಳ್ಳವನ ಮಾತೇ ನಡೆಯುತ್ತದೆ. ಸಕಾಲದಲ್ಲಿ ಸರ್ವೆ ಮಾಡಿ, ಗಡಿಕಲ್ಲು ಹಾಕಿ, ಹಕ್ಕುಪತ್ರ ಕೊಡುವುದೇ ಭೂಹಕ್ಕು ಕೇಳುವವರಿಗೆ ಸರ್ಕಾರ ಕೊಡಬಹುದಾದ ಮೊದಲ ರಕ್ಷಣೆ.