ಶಿಕ್ಷೆಯೂ ಶಿಕ್ಷಣವೂ: ಶಾಂತಿನಿಕೇತನದ ವೃಕ್ಷರೋಪಣ

ಸಂಸ್ಕೃತದಲ್ಲಿ ‘ಶಿಕ್ಷಾ’ ಎಂದರೆ ಕಲಿಕೆ. ಅದೇ ಪದವು ಕನ್ನಡದ ಬಳಕೆಯಲ್ಲಿ ದಂಡನೆಯೆಂಬ ಅರ್ಥವನ್ನು ತಾಳಿರುವುದು. ವೃಕ್ಷರಕ್ಷಣೆಯ ಇತಿಹಾಸದಲ್ಲಿ ಈ ಎರಡು ಅರ್ಥಗಳೂ ಎರಡು ಮಾರ್ಗಗಳಾಗಿ ತೋರುವುವು. ಕೌಟಿಲ್ಯನ ಅರ್ಥಶಾಸ್ತ್ರವು ಹಿಡಿದುದು ದಂಡದ ಮಾರ್ಗ. ನಗರದ ಉಪವನಗಳಲ್ಲಿ ಹೂ, ಹಣ್ಣು, ನೆರಳುಗಳನ್ನೀಯುವ ಮರದ ಚಿಗುರನ್ನು ಕಡಿದವನಿಗೆ 6 ಪಣ, ಸಣ್ಣ ಕೊಂಬೆಗೆ 12 ಪಣ, ದಪ್ಪ ಕೊಂಬೆಗೆ 24 ಪಣ ದಂಡವನ್ನು ಅದು ವಿಧಿಸುವುದು. ದಂಡಭಯವು ಕೊಡಲಿಯನ್ನು ತಡೆಯಬಲ್ಲುದು ನಿಜ. ಆದರೆ ಕಾವಲುಗಾರನು ಕಣ್ಮರೆಯಾದಾಗ ಕೈಯನ್ನು ತಡೆಯುವುದು ಯಾವುದು? ಈ ಪ್ರಶ್ನೆಗೆ ಉತ್ತರವನ್ನು ಬಾಲಕರ ಮನಸ್ಸಿನಲ್ಲಿಯೇ ಅರಸಿದವರಲ್ಲಿ ರವೀಂದ್ರನಾಥ ಠಾಕೂರರು ಮುಖ್ಯರು.

ಈ ವಿಚಾರದ ಬೀಜವು ಮೊಳೆತ ಸ್ಥಳಗಳಲ್ಲಿ ಕನ್ನಡನಾಡಿನ ಕಡಲತೀರವೂ ಒಂದೆಂಬುದು ಸ್ಮರಣೀಯ. 1883ರಲ್ಲಿ, ಅಣ್ಣ ಸತ್ಯೇಂದ್ರನಾಥರು ನ್ಯಾಯಾಧೀಶರಾಗಿದ್ದ ಕಾರವಾರದಲ್ಲಿ, ತರುಣ ರವೀಂದ್ರರು ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಬರೆದರು. ಪ್ರಕೃತಿಯನ್ನೂ ಸ್ನೇಹಬಂಧವನ್ನೂ ತೊರೆದು ಗೆದ್ದೆನೆಂದು ಬಗೆದ ಸನ್ಯಾಸಿಯೊಬ್ಬನನ್ನು ಅನಾಥ ಬಾಲಿಕೆಯೊಬ್ಬಳು ಮರಳಿ ಲೋಕಕ್ಕೆ ಸೆಳೆಯುವುದೇ ಅದರ ವಸ್ತು.

1901ರಲ್ಲಿ ಅವರು ವಂಗದೇಶದ ಬೀರಭೂಮಿಯಲ್ಲಿ, ತಂದೆಯವರಾದ ದೇವೇಂದ್ರನಾಥರು ಸ್ಥಾಪಿಸಿದ್ದ ಶಾಂತಿನಿಕೇತನದಲ್ಲಿ, ಶಾಲೆಯನ್ನು ತೆರೆದರು. ಮಳೆಯ ನೀರು ಕೊರೆದು ಕೊರಕಲು ಮಾಡಿದ ಕೆಮ್ಮಣ್ಣಿನ ನೆಲವದು. ಅಲ್ಲಿ ಮರದ ನೆರಳೇ ಪಾಠಶಾಲೆಯಾಯಿತು. ಋತುಗಳೇ ಉತ್ಸವಗಳಿಗೆ ನಿಮಿತ್ತವಾದುವು. 1922ರಲ್ಲಿ ಸಮೀಪದ ಸುರುಲ್ ಗ್ರಾಮದಲ್ಲಿ ಗ್ರಾಮೋದ್ಧಾರಕ್ಕಾಗಿ ಶ್ರೀನಿಕೇತನವೂ, 1924ರಲ್ಲಿ ಬಡ ಗ್ರಾಮೀಣ ಬಾಲಕರಿಗಾಗಿ ಶಿಕ್ಷಾಸತ್ರವೂ ಆರಂಭವಾದುವು. ಇಲ್ಲಿ ತೋಟದ ಕೆಲಸ, ಕೈಕಸುಬು, ವಸತಿಯ ಶುಚಿತ್ವ ಇವೆಲ್ಲವೂ ಪಾಠಗಳೇ. ‘ವ್ರತೀಬಾಲಕ’ರೆಂಬ ಹಳ್ಳಿಯ ಹುಡುಗರ ದಳಗಳು ಮಲೇರಿಯಾ ನಿವಾರಣೆಯಲ್ಲಿಯೂ ಬೆಂಕಿ ನಂದಿಸುವುದರಲ್ಲಿಯೂ ನೆರವಾಗುತ್ತಿದ್ದುವು. ತನ್ನ ಊರಿನ ನೀರಿಗೂ ನೆಲಕ್ಕೂ ತಾನು ಹೊಣೆಯೆಂಬುದನ್ನು ಹುಡುಗನು ಹೀಗೆ ಕೈಯಿಂದ ಕಲಿತನು.

1928ರ ಜುಲೈಯಲ್ಲಿ ಶಾಂತಿನಿಕೇತನದಲ್ಲಿ ವೃಕ್ಷರೋಪಣೋತ್ಸವವು ಮೊದಲ್ಗೊಂಡಿತು. ಬಕುಲದ ಸಸಿಯೊಂದನ್ನು ಸಂಭ್ರಮದಿಂದ ತಂದು, ಶಂಖಧ್ವನಿ ಮತ್ತು ಸಂಸ್ಕೃತಮಂತ್ರಗಳೊಡನೆ ನೆಟ್ಟರು. ಪೃಥ್ವಿ, ಅಪ್ಪು, ತೇಜಸ್ಸು, ವಾಯು, ಆಕಾಶಗಳೆಂಬ ಪಂಚಭೂತಗಳನ್ನು ಆ ಸಸಿಯ ರಕ್ಷಣೆಗಾಗಿ ಆವಾಹಿಸಲಾಯಿತು. ಆ ಸಂದರ್ಭಕ್ಕಾಗಿಯೇ ರವೀಂದ್ರರು ‘ಬಲಾಯಿ’ ಎಂಬ ಕಥೆಯನ್ನು ಬರೆದು ಓದಿದರು.

ಕಥೆಯು ಚಿಕ್ಕದು. ತಾಯಿಯಿಲ್ಲದ ಬಲಾಯಿಗೆ ಗಿಡಗಳೇ ಬಂಧುಗಳು. ತೋಟದ ಕಾಲುದಾರಿಯ ನಡುವೆ ಹುಟ್ಟಿದ ಬೂರುಗದ ಸಸಿಯನ್ನು ಕೀಳಿಸಬೇಕೆಂದು ಚಿಕ್ಕಪ್ಪನ ಎಣಿಕೆ. ಬೇಡಿಸಬೇಕೆಂದು ಹುಡುಗನು ಚಿಕ್ಕಮ್ಮನನ್ನು ಮೊರೆಹೊಗುವನು. ಸಸಿ ಉಳಿದು ಮರವಾಗುವುದು. ಕೆಲವು ವರ್ಷಗಳ ಮೇಲೆ ವಿದ್ಯಾಭ್ಯಾಸಕ್ಕಾಗಿ ದೂರ ಹೋದ ಬಲಾಯಿ, ವಿಲಾಯತಿಗೆ ಹೊರಡುವ ಮುನ್ನ ಆ ಮರದ ಛಾಯಾಚಿತ್ರವನ್ನು ಕಳುಹಿಸೆಂದು ಚಿಕ್ಕಮ್ಮನಿಗೆ ಕಾಗದ ಬರೆಯುವನು. ಅಷ್ಟರಲ್ಲಿ ಚಿಕ್ಕಪ್ಪನು ಮರವನ್ನು ಕಡಿಸಿಬಿಟ್ಟಿರುವನು. ಚಿಕ್ಕಮ್ಮನು ಎರಡು ದಿನ ಅನ್ನ ಮುಟ್ಟಲಿಲ್ಲ. ಉತ್ಸವದ ದಿನವೇ ಇಂತಹ ಕಥೆಯನ್ನು ಆರಿಸಿದುದು ಸಾಭಿಪ್ರಾಯವಾದುದು: ನೆಡುವ ಸಂಭ್ರಮದಲ್ಲಿಯೇ, ನೆಟ್ಟದ್ದನ್ನು ಕಡಿಯುವವರು ಮನೆಯ ಹಿರಿಯರೇ ಆಗಬಹುದೆಂಬ ಎಚ್ಚರಿಕೆ ಅದರಲ್ಲಿದೆ.

ಮುಂದೆ ರಾಜ್ಯವೂ ಈ ಕಾರ್ಯವನ್ನು ಕೈಕೊಂಡಿತು. 1950ರಲ್ಲಿ ಕೇಂದ್ರಮಂತ್ರಿಗಳಾಗಿದ್ದ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ದೇಶವ್ಯಾಪಿಯಾಗಿಸಿದರು. 1976ರ 42ನೆಯ ತಿದ್ದುಪಡಿಯು ಕಾಡು, ಕೆರೆ, ನದಿ, ವನ್ಯಜೀವಿಗಳ ರಕ್ಷಣೆಯನ್ನೂ ಭೂತದಯೆಯನ್ನೂ ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದು ಸಂವಿಧಾನದಲ್ಲಿ ಸೇರಿಸಿತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಸರವನ್ನು ಕಡ್ಡಾಯವಾದ ಪಾಠ್ಯವಿಷಯವಾಗಿಸಲು ಕ್ರಮ ಕೈಗೊಳ್ಳುವಂತೆ ನಿರ್ದೇಶಿಸಿತು.

ಇವೆಲ್ಲವೂ ಶ್ಲಾಘ್ಯವೇ. ಆದರೆ ಪಾಠ್ಯವಿಷಯವು ಪರೀಕ್ಷೆಯೊಡನೆ ಮುಗಿಯುವುದು. ಸಸಿಯ ಪರೀಕ್ಷೆಯಾದರೋ ಬೇಸಗೆಯಲ್ಲಿ ಆರಂಭವಾಗುವುದು. ಶ್ರಾವಣದಲ್ಲಿ ಸಸಿ ನೆಡಲು ನೂರು ಕೈಗಳು ಬರುವುವು, ಚೈತ್ರದಲ್ಲಿ ನೀರೆರೆಯಲು ಒಂದು ಕೈ ಬೇಕು. ಆ ಕೈ ಯಾರದೆಂದು ನೆಡುವ ದಿನವೇ ಹೆಸರಿಟ್ಟು ನಿಶ್ಚಯಿಸುವ ಶಾಲೆಯಲ್ಲಿ ‘ಶಿಕ್ಷಾ’ ಶಬ್ದವು ತನ್ನ ಮೂಲಾರ್ಥವನ್ನು ಮರಳಿ ಪಡೆಯುವುದು. ಮತ್ತು ಮನೆಯ ಹಿರಿಯರು ಆ ಮಗುವಿನ ಮರವನ್ನು ಉಳಿಸಿದರೆ ಮಾತ್ರ ಅದು ಸಾರ್ಥಕವಾಗುವುದು.